ಪದಕಗಳ ಕಾರ್ಖಾನೆ ಮತ್ತು ನೀಲಿ ಗುಳಿಗೆ

1976ರ ಜುಲೈ ತಿಂಗಳು. ಕೆನಡಾದ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಕ್ರೀಡಾಕೂಟ. ಮಹಿಳೆಯರ ಈಜಿನಲ್ಲಿದ್ದ 13 ಸ್ಪರ್ಧೆಗಳ ಪೈಕಿ 11ರ ಚಿನ್ನ ಒಂದೇ ದೇಶದ ಪಾಲಾಯಿತು. ಆ ದೇಶ ಪೂರ್ವ ಜರ್ಮನಿ. ನಾಲ್ಕು ವರ್ಷಗಳ ಹಿಂದೆ ಮ್ಯೂನಿಕ್‌ನಲ್ಲಿ ಅದೇ ದೇಶದ ಈಜುಗಾರ್ತಿಯರಿಗೆ ಒಂದು ಚಿನ್ನವೂ ದಕ್ಕಿರಲಿಲ್ಲ. ಹದಿನೇಳರ ಹರೆಯದ ಕಾರ್ನೆಲಿಯಾ ಎಂಡರ್ ಒಬ್ಬಳೇ ನಾಲ್ಕು ಚಿನ್ನ ಗೆದ್ದಳು. ಜಗತ್ತು ಬೆರಗಾಯಿತು.

ಕೂಟ ಮುಗಿದಾಗ ಪೂರ್ವ ಜರ್ಮನಿಯ ಬಳಿ 40 ಚಿನ್ನಗಳಿದ್ದವು. ಸೋವಿಯತ್ ಒಕ್ಕೂಟಕ್ಕೆ 49, ಅಮೆರಿಕಕ್ಕೆ 34. ಅಂದರೆ ಅಮೆರಿಕದಂಥ ದೈತ್ಯನನ್ನೇ ಹಿಂದಿಕ್ಕಿದ ಈ ದೇಶದ ಜನಸಂಖ್ಯೆ ಎಷ್ಟಿತ್ತು ಗೊತ್ತೆ? ಸುಮಾರು ಒಂದು ಕೋಟಿ 70 ಲಕ್ಷ. 1971ರ ಜನಗಣತಿಯಲ್ಲಿ ನಮ್ಮ ಕರ್ನಾಟಕವೊಂದರ ಜನಸಂಖ್ಯೆಯೇ ಎರಡು ಕೋಟಿ 93 ಲಕ್ಷ ಇತ್ತು. ಆ ಕೂಟದಿಂದ ಭಾರತ ಬರಿಗೈಯಲ್ಲಿ ಮರಳಿತ್ತು.

ಇಷ್ಟು ಪುಟ್ಟ ದೇಶ ಇಷ್ಟು ಪದಕ ಗೆದ್ದದ್ದು ಹೇಗೆ? ಅಂದು ಸಿಕ್ಕ ಉತ್ತರ: ಶಿಸ್ತು, ವೈಜ್ಞಾನಿಕ ತರಬೇತಿ, ಎಳವೆಯಲ್ಲೇ ಪ್ರತಿಭೆಯ ಶೋಧ. ಈ ಮಾತು ಸುಳ್ಳಾಗಿರಲಿಲ್ಲ. ಆದರೆ ಅದು ಅರ್ಧ ಸತ್ಯ ಮಾತ್ರ. ಉಳಿದರ್ಧ ಹೊರಬರಲು ಬರ್ಲಿನ್ ಗೋಡೆ ಬೀಳಬೇಕಾಯಿತು.

ಧ್ವಜಕ್ಕಾಗಿ ಓಟ

ಎರಡನೇ ಮಹಾಯುದ್ಧದ ನಂತರ ಜರ್ಮನಿ ಇಬ್ಭಾಗವಾಯಿತು. 1949ರಲ್ಲಿ ಹುಟ್ಟಿದ ಪೂರ್ವ ಜರ್ಮನಿಯನ್ನು ಒಂದು ದೇಶವೆಂದು ಒಪ್ಪಲು ಪಾಶ್ಚಾತ್ಯ ರಾಷ್ಟ್ರಗಳು ಬಹುಕಾಲ ಸಿದ್ಧವಿರಲಿಲ್ಲ. ವಿಶ್ವಸಂಸ್ಥೆಯಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು 1973ರಲ್ಲಿ. 1956ರಿಂದ 1964ರವರೆಗಿನ ಒಲಿಂಪಿಕ್ ಕೂಟಗಳಲ್ಲಿ ಎರಡೂ ಜರ್ಮನಿಗಳು ಒಂದೇ ತಂಡವಾಗಿ ಸ್ಪರ್ಧಿಸಬೇಕಿತ್ತು. 1968ರಲ್ಲಿ ಪ್ರತ್ಯೇಕ ತಂಡಕ್ಕೆ ಅವಕಾಶ ಸಿಕ್ಕಿತು. ಸ್ವಂತ ಧ್ವಜ, ಸ್ವಂತ ರಾಷ್ಟ್ರಗೀತೆಗಳಿಗೆ 1972ರವರೆಗೆ ಕಾಯಬೇಕಾಯಿತು. ಆ ವರ್ಷದ ಬೇಸಿಗೆ ಕೂಟ ನಡೆದದ್ದು ಮ್ಯೂನಿಕ್‌ನಲ್ಲಿ, ಅಂದರೆ ಎದುರಾಳಿ ಪಶ್ಚಿಮ ಜರ್ಮನಿಯ ನೆಲದಲ್ಲೇ.

ರಾಯಭಾರ ಕಚೇರಿ ತೆರೆಯಲು ಅವಕಾಶವಿಲ್ಲದ ಕಡೆಯೂ ಓಟಗಾರ ಗೆದ್ದರೆ ಧ್ವಜ ಏರುತ್ತದೆ, ರಾಷ್ಟ್ರಗೀತೆ ಮೊಳಗುತ್ತದೆ. ಈ ಸರಳ ಸತ್ಯವನ್ನು ಪೂರ್ವ ಜರ್ಮನಿಯ ಆಳುವ ಪಕ್ಷ ಬಹುಬೇಗ ಅರಿಯಿತು. ಕ್ರೀಡಾಪಟುಗಳನ್ನು ‘ಕ್ರೀಡಾ ಉಡುಪಿನ ರಾಯಭಾರಿಗಳು’ ಎಂದೇ ಕರೆಯುವ ರೂಢಿ ಬಂತು. ಆಟ ಆಟವಾಗಿ ಉಳಿಯಲಿಲ್ಲ. ವಿದೇಶಾಂಗ ನೀತಿಯ ಒಂದು ವಿಭಾಗವಾಯಿತು.

ಪದಕದ ಲೆಕ್ಕಾಚಾರ

1969ರಲ್ಲಿ ಸರ್ಕಾರ ಒಂದು ಲೆಕ್ಕ ಹಾಕಿತು. ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಲು ಹತ್ತಾರು ಆಟಗಾರರು ಬೇಕು, ಸಿಗುವುದು ಒಂದೇ ಪದಕ. ಈಜುಗಾರ್ತಿಯೊಬ್ಬಳು ಒಂದೇ ಕೂಟದಲ್ಲಿ ನಾಲ್ಕೈದು ಪದಕ ತರಬಲ್ಲಳು. ಹಾಗಿದ್ದ ಮೇಲೆ ಹಣವನ್ನು ಎಲ್ಲಿ ಹಾಕಬೇಕು? ಈಜು, ಅಥ್ಲೆಟಿಕ್ಸ್, ದೋಣಿ ಸ್ಪರ್ಧೆಗಳಿಗೆ ಹಣ ಹರಿಯಿತು. ಬ್ಯಾಸ್ಕೆಟ್‌ಬಾಲ್, ಹಾಕಿ, ವಾಟರ್ ಪೋಲೊ ಮೊದಲಾದವು ಒಲಿಂಪಿಕ್ ನೆರವಿನ ಪಟ್ಟಿಯಿಂದ ಹೊರಬಿದ್ದವು. ಆ ಆಟಗಳನ್ನು ಪ್ರೀತಿಸುತ್ತಿದ್ದ ಮಕ್ಕಳ ಮಾತನ್ನು ಯಾರೂ ಕೇಳಲಿಲ್ಲ.

ಶಾಲೆಗಳಲ್ಲಿ ಮಕ್ಕಳ ಎತ್ತರ, ತೂಕ, ಓಟದ ವೇಗ ಅಳೆದು ಆಯ್ಕೆ ನಡೆಯುತ್ತಿತ್ತು. ಆಯ್ಕೆಯಾದವರಿಗೆ ವಿಶೇಷ ಕ್ರೀಡಾ ಶಾಲೆಗಳು, ವಸತಿ, ಒಳ್ಳೆಯ ಊಟ, ನುರಿತ ತರಬೇತುದಾರರು. ಲೀಪ್‌ಜಿಗ್‌ನಲ್ಲಿ 1950ರಲ್ಲೇ ಸ್ಥಾಪನೆಯಾದ ಕ್ರೀಡಾ ಕಾಲೇಜು ತರಬೇತುದಾರರನ್ನು ರೂಪಿಸುತ್ತಿತ್ತು. ಗೆದ್ದವರಿಗೆ ಮನೆ, ಸಾಮಾನ್ಯರು ವರ್ಷಗಟ್ಟಲೆ ಕಾಯಬೇಕಿದ್ದ ಕಾರು ಬೇಗನೆ ಸಿಗುತ್ತಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಗೋಡೆಯ ಆಚೆಯ ಲೋಕವನ್ನು ನೋಡುವ ಭಾಗ್ಯ. ಮಗಳು ಆಯ್ಕೆಯಾದಳೆಂದರೆ ತಂದೆತಾಯಿಗೆ ಹಬ್ಬ. ಆದರೆ ಪಶ್ಚಿಮ ಜರ್ಮನಿಯಲ್ಲಿ ಹತ್ತಿರದ ನೆಂಟರಿದ್ದರೆ, ಮಗು ಎಷ್ಟೇ ವೇಗವಾಗಿ ಓಡಿದರೂ ಆ ಬಾಗಿಲು ಮುಚ್ಚುವ ಸಂಭವವಿತ್ತು.

‘ಜೀವಸತ್ವ’ದ ಹೆಸರಿನಲ್ಲಿ

1974ರಲ್ಲಿ ಪಕ್ಷದ ಕೇಂದ್ರ ಸಮಿತಿಯ ಒಪ್ಪಿಗೆಯೊಂದಿಗೆ ಗುಪ್ತ ಯೋಜನೆಯೊಂದು ಜಾರಿಗೆ ಬಂತು. ಕಡತಗಳಲ್ಲಿ ಅದರ ಹೆಸರು ‘ರಾಜ್ಯ ಯೋಜನೆ 14.25’. ಯೆನಾ ನಗರದ ಸರ್ಕಾರಿ ಔಷಧ ಕಾರ್ಖಾನೆ ಯೆನಾಫಾರ್ಮ್ ತಯಾರಿಸುತ್ತಿದ್ದ ‘ಓರಲ್ ಟ್ಯೂರಿನಬಾಲ್’ ಎಂಬ ಗುಳಿಗೆ ಇದರ ಮುಖ್ಯ ಅಸ್ತ್ರ. ಇದು ಪುರುಷ ಹಾರ್ಮೋನನ್ನು ಹೋಲುವ ಸ್ಟೆರಾಯ್ಡ್. ಸ್ನಾಯುಗಳನ್ನು ಬೆಳೆಸುತ್ತದೆ, ಕಠಿಣ ತರಬೇತಿಯ ನಂತರ ದೇಹ ಬೇಗ ಚೇತರಿಸಿಕೊಳ್ಳುವಂತೆ ಮಾಡುತ್ತದೆ. ಹೆಣ್ಣು ದೇಹದಲ್ಲಿ ಸಹಜವಾಗಿ ಈ ಹಾರ್ಮೋನು ಬಹಳ ಕಡಿಮೆ ಇರುವುದರಿಂದ ಹುಡುಗಿಯರ ಮೇಲೆ ಇದರ ಪರಿಣಾಮ ಹೆಚ್ಚು. ಈಜುಕೊಳದಲ್ಲಿ ಪುರುಷರಿಗಿಂತ ಮಹಿಳೆಯರೇ ಮಿಂಚಿದ್ದರ ಗುಟ್ಟು ಇಲ್ಲಿದೆ.

ಹದಿಮೂರು, ಹದಿನಾಲ್ಕರ ಬಾಲೆಯರಿಗೂ ತರಬೇತುದಾರರು ನೀಲಿ ಗುಳಿಗೆ ಕೊಟ್ಟು, ಇದು ಜೀವಸತ್ವ, ಆಯಾಸ ನಿವಾರಕ ಎನ್ನುತ್ತಿದ್ದರು. ಅನೇಕ ಪಾಲಕರಿಗೆ ಸುಳಿವೇ ಇರಲಿಲ್ಲ. ಸುಮಾರು 10,000 ಕ್ರೀಡಾಪಟುಗಳು ಈ ಯೋಜನೆಗೆ ಒಳಪಟ್ಟರೆಂಬುದು ಸಾಮಾನ್ಯವಾಗಿ ಹೇಳುವ ಅಂದಾಜು.

ಹಾಗಾದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳಲಿಲ್ಲವೆ? 1977ರಲ್ಲಿ ಗುಂಡು ಎಸೆತಗಾರ್ತಿ ಇಲೋನಾ ಸ್ಲುಪಿಯಾನೆಕ್ ಹೆಲ್ಸಿಂಕಿಯಲ್ಲಿ ಸಿಕ್ಕಿಬಿದ್ದರು. ಅದರಿಂದ ಸರ್ಕಾರ ಕಲಿತ ಪಾಠ ‘ಮದ್ದು ನಿಲ್ಲಿಸಬೇಕು’ ಎಂದಲ್ಲ, ‘ಇನ್ನು ಮುಂದೆ ಸಿಕ್ಕಿಬೀಳಬಾರದು’ ಎಂದು. ಡ್ರೆಸ್ಡನ್ ಬಳಿಯ ಕ್ರೈಷಾದ ಪ್ರಯೋಗಾಲಯಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆಯಿತ್ತು. ವಿದೇಶಕ್ಕೆ ಹೊರಡುವ ಮೊದಲು ಎಲ್ಲರ ಮೂತ್ರ ಪರೀಕ್ಷೆ ಅಲ್ಲಿ ಗುಟ್ಟಾಗಿ ನಡೆಯುತ್ತಿತ್ತು. ಮದ್ದಿನ ಅಂಶ ಉಳಿದಿದ್ದರೆ ಆ ಕ್ರೀಡಾಪಟುವಿಗೆ ದಿಢೀರ್ ‘ಗಾಯ’ವಾಗಿ ಪ್ರಯಾಣ ರದ್ದು! ಕಳ್ಳನನ್ನು ಹಿಡಿಯಲೆಂದು ಇಟ್ಟ ಕಾವಲುಗಾರನೇ ಕಳ್ಳನಿಗೆ ದೀಪ ಹಿಡಿದಂತೆ.

ಕೇಳಿದವಳೇ ಕೆಟ್ಟವಳು

ಮಾಂಟ್ರಿಯಲ್‌ನಲ್ಲೇ ಒಬ್ಬಳು ಇದನ್ನು ಬಾಯಿಬಿಟ್ಟು ಹೇಳಿದಳು. ಅಮೆರಿಕದ ಶರ್ಲಿ ಬಾಬಾಶಾಫ್ ಎದುರಾಳಿಗಳ ಗಡಸು ದನಿ, ಹುರಿಗಟ್ಟಿದ ತೋಳುಗಳ ಬಗ್ಗೆ ಪ್ರಶ್ನೆ ಎತ್ತಿದಾಗ, ಅವಳದೇ ದೇಶದ ಪತ್ರಿಕೆಗಳು ‘ಸಿಡುಕಿನ ಶರ್ಲಿ’ ಎಂದು ಹೆಸರಿಟ್ಟವು. ಸೋತವಳ ಹೊಟ್ಟೆಕಿಚ್ಚು ಎಂದು ಆಡಿಕೊಂಡವು. ಅವಳಿಗೆ ದಕ್ಕಿದ್ದು ನಾಲ್ಕು ಬೆಳ್ಳಿ ಮತ್ತು ರಿಲೇಯಲ್ಲಿ ಒಂದು ಚಿನ್ನ.

1989ರಲ್ಲಿ ಬರ್ಲಿನ್ ಗೋಡೆ ಉರುಳಿತು. ಮರುವರ್ಷ ಎರಡೂ ಜರ್ಮನಿಗಳು ಒಂದಾದವು. ಜೀವವಿಜ್ಞಾನಿ ವೆರ್ನರ್ ಫ್ರಾಂಕೆ ಮತ್ತು ಅವರ ಪತ್ನಿ, ಹಿಂದೆ ಡಿಸ್ಕಸ್ ಎಸೆತಗಾರ್ತಿಯಾಗಿದ್ದ ಬ್ರಿಗಿಟೆ ಬೆರೆಂಡೊಂಕ್, ಸೇನಾ ವೈದ್ಯಕೀಯ ಅಕಾಡೆಮಿಯಲ್ಲಿದ್ದ ಗುಪ್ತ ಕಡತಗಳನ್ನು ಹೊರತಂದರು. ಯಾರಿಗೆ ಎಷ್ಟು ಮಿಲಿಗ್ರಾಂ ಕೊಡಲಾಯಿತು ಎಂಬುದೆಲ್ಲ ಅಚ್ಚುಕಟ್ಟಾಗಿ ದಾಖಲಾಗಿತ್ತು. ಯೋಜನೆಯ ಪ್ರಮುಖ ವೈದ್ಯ ಮಾನ್‌ಫ್ರೆಡ್ ಹೋಪ್ನರ್ ಸ್ವತಃ ಗುಪ್ತಚರ ಸಂಸ್ಥೆ ‘ಸ್ಟಾಸಿ’ಗೆ ವರದಿ ಒಪ್ಪಿಸುತ್ತಿದ್ದ. ಆ ವರದಿಗಳೇ ಮುಂದೆ ಸಾಕ್ಷ್ಯಗಳಾದವು.

2000ದಲ್ಲಿ ಬರ್ಲಿನ್ ನ್ಯಾಯಾಲಯ ಕ್ರೀಡಾ ಸಂಘಟನೆಯ ಮುಖ್ಯಸ್ಥನಾಗಿದ್ದ ಮಾನ್‌ಫ್ರೆಡ್ ಎವಾಲ್ಡ್‌ಗೆ 22 ತಿಂಗಳು, ಹೋಪ್ನರ್‌ಗೆ 18 ತಿಂಗಳ ಸಜೆ ವಿಧಿಸಿತು. ಎರಡೂ ಅಮಾನತಿನಲ್ಲಿಟ್ಟ ಸಜೆಗಳು. ಅಂದರೆ ಇಬ್ಬರೂ ಜೈಲಿಗೆ ಹೋಗಲಿಲ್ಲ.

ಮಕ್ಕಳು ಮಾತ್ರ ಜೀವನಪರ್ಯಂತ ಬೆಲೆ ತೆತ್ತರು. ಯಕೃತ್ತಿನ ತೊಂದರೆ, ಹೃದ್ರೋಗ, ಗರ್ಭಕೋಶ ಮತ್ತು ಅಂಡಾಶಯದ ಕಾಯಿಲೆಗಳು, ಮಾನಸಿಕ ಖಿನ್ನತೆ ಅನೇಕರನ್ನು ಕಾಡಿದವು. 1986ರಲ್ಲಿ ಹೈಡಿ ಕ್ರೀಗರ್ ಹೆಸರಿನಲ್ಲಿ ಮಹಿಳೆಯರ ಗುಂಡು ಎಸೆತದಲ್ಲಿ ಯುರೋಪಿಯನ್ ಚಾಂಪಿಯನ್ ಆದವರು 1997ರಲ್ಲಿ ಲಿಂಗ ಪರಿವರ್ತನೆ ಮಾಡಿಸಿಕೊಂಡು ಆಂಡ್ರಿಯಾಸ್ ಕ್ರೀಗರ್ ಆದರು. ತಾನು ಯಾರೆಂದು ತಾನೇ ಕಂಡುಕೊಳ್ಳುವ ಅವಕಾಶವನ್ನು ಆ ಗುಳಿಗೆಗಳು ಕಸಿದವು ಎಂಬುದು ಅವರ ಅಳಲು. ಜರ್ಮನ್ ಸರ್ಕಾರ 2002ರಲ್ಲಿ, ಮತ್ತೆ 2016ರಲ್ಲಿ ಪರಿಹಾರದ ಕಾನೂನು ತಂದಿತು. ಪದಕ ಪಟ್ಟಿ ಮಾತ್ರ ಬದಲಾಗಲಿಲ್ಲ. ತಿದ್ದಬೇಕೆಂಬ ಅಮೆರಿಕದ ಮನವಿಯನ್ನು ಒಲಿಂಪಿಕ್ ಸಮಿತಿ 1998ರಲ್ಲಿ ತಳ್ಳಿಹಾಕಿತು.

ಒಂದೇ ದೇಶದ ಪಾಪವಲ್ಲ

ಇದು ಸಮಾಜವಾದಿ ದೇಶದ ಕಥೆ ಮಾತ್ರ ಎಂದುಕೊಂಡರೆ ತಪ್ಪಾದೀತು. 1988ರ ಸೋಲ್ ಕೂಟದಲ್ಲಿ ಕೆನಡಾದ ಬೆನ್ ಜಾನ್ಸನ್ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿ, ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ ಪದಕ ಕಳೆದುಕೊಂಡ. ಅವನನ್ನು ತಳ್ಳಿದ್ದು ಸರ್ಕಾರದ ಆಜ್ಞೆಯಲ್ಲ. ಗೆದ್ದವನಿಗೆ ಸುರಿಯುವ ಜಾಹೀರಾತಿನ ಹಣ, ಕೀರ್ತಿಗಳ ಆಕರ್ಷಣೆ. ಪಶ್ಚಿಮ ಜರ್ಮನಿಯಲ್ಲೂ ಸಾರ್ವಜನಿಕ ಹಣದಲ್ಲಿ ಇಂಥ ಮದ್ದುಗಳ ಸಂಶೋಧನೆ ನಡೆದಿತ್ತೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ವರದಿ ತೋರಿಸಿಕೊಟ್ಟಿತು.

ಮದ್ದಿನ ವಿರುದ್ಧ ಹೋರಾಡಲು ವಿಶ್ವ ಸಂಸ್ಥೆ ‘ವಾಡಾ’ ಹುಟ್ಟಿದ್ದು 1999ರಲ್ಲಿ. ಆದರೂ 2014ರಲ್ಲಿ ರಷ್ಯಾದ ಸೋಚಿಯ ಚಳಿಗಾಲದ ಕೂಟದಲ್ಲಿ, ಪ್ರಯೋಗಾಲಯದ ಗೋಡೆಗೆ ಕೊರೆದ ರಂಧ್ರದ ಮೂಲಕ ಮೂತ್ರದ ಮಾದರಿಗಳನ್ನು ಅದಲುಬದಲು ಮಾಡಲಾಯಿತೆಂದು ಮಾಸ್ಕೊ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಗ್ರಿಗೊರಿ ರಾಡ್ಚೆಂಕೊವ್ ಬಯಲು ಮಾಡಿದರು. 2016ರ ಮೆಕ್ಲಾರೆನ್ ವರದಿ ಇದನ್ನು ಪುಷ್ಟೀಕರಿಸಿತು. ಪರಿಣಾಮ, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ರಷ್ಯಾದ ಕ್ರೀಡಾಪಟುಗಳಿಗೆ ತಮ್ಮ ಧ್ವಜವೂ ಇರಲಿಲ್ಲ, ರಾಷ್ಟ್ರಗೀತೆಯೂ ಇರಲಿಲ್ಲ.

ನಮ್ಮ ಅನುಭವವೂ ಇದೆ. 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಎರಡು ಚಿನ್ನ ಗೆದ್ದಾಗ ನಾಡೇ ಹಿಗ್ಗಿತ್ತು. ಮರುವರ್ಷ ಅವರೂ ರಿಲೇ ತಂಡದ ಕೆಲವು ಸಹ ಓಟಗಾರ್ತಿಯರೂ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶಿ ತರಬೇತುದಾರರಿಂದ ಬಂದ ಜಿನ್‌ಸೆಂಗ್ ಎಂಬ ಪೂರಕ ಆಹಾರದಲ್ಲೇ ಅದು ಬೆರೆತಿತ್ತು ಎಂಬುದು ಓಟಗಾರ್ತಿಯರ ವಾದ. ತರಬೇತುದಾರರು ಕೆಲಸ ಕಳೆದುಕೊಂಡರು. ಓಟಗಾರ್ತಿಯರಿಗೆ ಎರಡು ವರ್ಷಗಳ ನಿಷೇಧ ತಪ್ಪಲಿಲ್ಲ. ದೇಹದೊಳಗೆ ಏನು ಹೋಯಿತೋ ಅದಕ್ಕೆ ಕ್ರೀಡಾಪಟುವೇ ಹೊಣೆ. ಗೊತ್ತಿರಲಿಲ್ಲ ಎಂಬ ಮಾತು ಸಾಲದು. ನಿಯಮ ಇರುವುದು ಹಾಗೆ.

ಆದ್ದರಿಂದ ಮಗನನ್ನೋ ಮಗಳನ್ನೋ ಕ್ರೀಡಾ ವಸತಿನಿಲಯಕ್ಕೆ ಕಳುಹಿಸುವ ಪಾಲಕರು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಮಗು ನುಂಗುತ್ತಿರುವ ಗುಳಿಗೆ, ಪುಡಿ, ಪಾನೀಯ ಯಾವುದು? ಅದನ್ನು ಬರೆದುಕೊಟ್ಟ ವೈದ್ಯರು ಯಾರು? ಲೇಬಲ್ ಎಲ್ಲಿ? ದನಿ, ಚರ್ಮ, ಮುಟ್ಟು, ಸ್ವಭಾವಗಳಲ್ಲಿ ಹಠಾತ್ ಬದಲಾವಣೆ ಕಂಡಿತೆ? ವಿದ್ಯಾರ್ಥಿಗಳೂ ಅಷ್ಟೆ. ಗುರುವಿಗೆ ವಿಧೇಯರಾಗಿರುವುದು ಒಳ್ಳೆಯದು, ‘ಇದೇನು?’ ಎಂದು ಕೇಳುವುದು ಅವಿಧೇಯತೆಯಲ್ಲ. ಪೂರ್ವ ಜರ್ಮನಿಯ ಆ ಬಾಲೆಯರಿಗೆ ಹಾಗೆ ಕೇಳುವ ಸ್ವಾತಂತ್ರ್ಯವಿರಲಿಲ್ಲ, ಅವರ ಪರವಾಗಿ ಕೇಳುವವರೂ ಇರಲಿಲ್ಲ. ನಮ್ಮ ಮಕ್ಕಳಿಗೆ ಆ ಸ್ವಾತಂತ್ರ್ಯವಿದೆ. ಅದನ್ನು ಬಳಸುವುದನ್ನು ಮನೆಯಲ್ಲೇ ಕಲಿಸೋಣ.