ಮನೆಗಾಡಿಯ ಮೇಲೊಂದು ಆಕಾಶದ ತಟ್ಟೆ

ಆಕಾಶದಿಂದ ವಾಣಿ ಇಳಿದು ಬರುವುದು ಮೈಸೂರಿಗರಿಗೆ ಹೊಸ ಸಂಗತಿಯಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದರು. ಅದಕ್ಕಿತ್ತ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಅಂದು ಆಕಾಶದ ವಾಣಿಗೆ ಕಿವಿಗೊಟ್ಟುದು ನಿಂತ ಮನೆ. ಇಂದು ಓಡುವ ಮನೆಗೂ ಅದು ಬೇಕಾಗಿದೆ.

ಓಡುವ ಮನೆಯೆಂದರೆ ಕ್ಯಾರವಾನ್. ಮಲಗಲು ಹಾಸಿಗೆ, ಬೇಯಿಸಲು ಒಲೆ, ಸ್ನಾನಕ್ಕೆ ಬಚ್ಚಲು, ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಊರೂರು ಸುತ್ತುವ ಗಾಡಿ. ಇಂಥ ಗಾಡಿಯಲ್ಲಿ ಸಂಸಾರಸಮೇತ ಹೊರಡುವ ಗೃಹಸ್ಥನನ್ನು ಈಗ ಕಾಡುವುದು ಊಟವಸತಿಯ ಚಿಂತೆಯಲ್ಲ. ಕುವೆಂಪುನಗರದ ಮನೆಯಲ್ಲಿ ರಕ್ತದೊತ್ತಡದ ತಾಯಿಯನ್ನು ನೆರೆಯವರ ವಶಕ್ಕೆ ಒಪ್ಪಿಸಿ ಬಂದ ಮಗನಿಗೆ, ಮೊಬೈಲು ಮೂಕವಾದೊಡನೆ ಎದೆ ಝಲ್ಲೆನ್ನುತ್ತದೆ. ಗಾಡಿಯ ನೆತ್ತಿಯ ಮೇಲೆ ಉಪಗ್ರಹದ ಇಂಟರ್ನೆಟ್ಟಿನ ತಟ್ಟೆಯೊಂದಿದ್ದರೆ ಈ ಆತಂಕ ತಪ್ಪೀತೇ? ಅದಕ್ಕೆ ತೆರುವ ಹಣ ಸಾರ್ಥಕವೇ?

ಎರಡು ಬಗೆಯ ಉಪಗ್ರಹಗಳು

ಮೊದಲನೆಯ ಬಗೆಯವು ಭೂಮಿಯಿಂದ 35,786 ಕಿಲೋಮೀಟರು ಎತ್ತರದಲ್ಲಿ, ಆಕಾಶದಲ್ಲಿ ಒಂದೇ ಕಡೆ ನಿಂತಂತೆ ತೋರುವವು. ಮೈಸೂರಿನ ನೆರೆಯ ಹಾಸನದಲ್ಲಿ 1982ರಲ್ಲಿ ಆರಂಭವಾದ ಇಸ್ರೋ ಸಂಸ್ಥೆಯ ನಿಯಂತ್ರಣ ಕೇಂದ್ರವು ಇಂಥವುಗಳ ಯೋಗಕ್ಷೇಮವನ್ನು ನೋಡಿಕೊಳ್ಳುತ್ತದೆ. 2018ರ ಡಿಸೆಂಬರಿನಲ್ಲಿ ಹಾರಿದ ಜಿಸ್ಯಾಟ್-11 ಇಂಟರ್ನೆಟ್ಟಿಗಾಗಿಯೇ ಮೀಸಲಾದುದು. ಆದರೆ ದೂರ ಹೆಚ್ಚಾದುದರಿಂದ ಪ್ರಶ್ನೆ ಹೋಗಿ ಉತ್ತರ ಮರಳಲು ಅರ್ಧ ಸೆಕೆಂಡಾದರೂ ಹಿಡಿಯುತ್ತದೆ. ಮಾತುಕತೆಯಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ.

ಎರಡನೆಯ ಬಗೆಯವು ಸುಮಾರು 550 ಕಿಲೋಮೀಟರು ಎತ್ತರದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳು. ಹತ್ತಿರವಿರುವುದರಿಂದ ಮಾತು ತಡವರಿಸುವುದಿಲ್ಲ. ಆದರೆ ಒಂದೊಂದೂ ಕೆಲವೇ ನಿಮಿಷಗಳಲ್ಲಿ ನೆತ್ತಿಯನ್ನು ದಾಟಿಹೋಗುವುದರಿಂದ, ತಟ್ಟೆಗೆ ಸುತ್ತಲೂ ವಿಶಾಲವಾದ, ಬಿಚ್ಚಿದ ಆಕಾಶವೇ ಬೇಕು.

ಮರದ ನೆರಳಿನ ತೊಡಕು

ತೊಡಕಿರುವುದು ಇಲ್ಲಿಯೇ. ಮೈಸೂರಿನಿಂದ ಹೊರಟವರಿಗೆ ಮೊಬೈಲು ಕೈಕೊಡುವುದು ಎಲ್ಲಿ? ನಾಗರಹೊಳೆಯ ಕಾಡಿನಲ್ಲಿ, ಬಿಳಿಗಿರಿರಂಗನ ಬೆಟ್ಟದ ತಿರುವುಗಳಲ್ಲಿ, ಕೊಡಗಿನ ಕಣಿವೆಗಳಲ್ಲಿ. ಆದರೆ ಆ ಸ್ಥಳಗಳಲ್ಲಿ ಮರಗಳು ಆಕಾಶವನ್ನೇ ಮುಚ್ಚಿರುತ್ತವೆ; ಕಾಫಿ ತೋಟದ ಸಿಲ್ವರ್ ಓಕಿನ ಕೆಳಗೆ ನಿಂತ ಗಾಡಿಯ ತಟ್ಟೆಗೆ ಎಲೆಗಳ ದರ್ಶನವೇ ಹೊರತು ಉಪಗ್ರಹದ ದರ್ಶನವಿಲ್ಲ. ಮಲೆನಾಡಿನ ಮುಸಲಧಾರೆಯೂ ಸಂಕೇತವನ್ನು ಕುಗ್ಗಿಸುತ್ತದೆ. ಚಿತ್ರದುರ್ಗದ ಬಯಲಿನಲ್ಲಿಯೂ ಹಂಪೆಯ ಬಂಡೆಗಳ ನಡುವೆಯೂ ಆಕಾಶ ಧಾರಾಳ. ಆದರೆ ಅಲ್ಲಿನ ಹೆದ್ದಾರಿಯ ಬದಿಯಲ್ಲಿ ಮೊಬೈಲು ಗೋಪುರಗಳೂ ಧಾರಾಳ. ಹೀಗೆ, ತಟ್ಟೆ ಬೇಕಾದೆಡೆ ಅದು ಕುರುಡು, ಅದಕ್ಕೆ ಕಣ್ಣಿರುವೆಡೆ ಅದು ಬೇಡ ಎಂಬಂತಾಗುತ್ತದೆ.

ಇನ್ನೊಂದು ಮಾತು. ಅಭಯಾರಣ್ಯದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇರುಳು ಕಳೆಯುವಂತಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಾಮಾನ್ಯ ವಾಹನಗಳ ಸಂಚಾರವೇ ನಿಷಿದ್ಧ. ಎಂದಮೇಲೆ ಆ ದಾರಿಯಲ್ಲಿ ಮೊಬೈಲಿನ ಮೌನವೆಂಬುದು ಹಗಲಿನ ಒಂದೆರಡು ಗಂಟೆಗಳ ಮಾತು. ರಾತ್ರಿಯ ಬಿಡಾರ ಗುಂಡ್ಲುಪೇಟೆಯಂಥ ಊರಿನಲ್ಲಿಯೇ ಆಗಬೇಕು.

ವಿದ್ಯುತ್ತು ಮತ್ತು ಕಾನೂನು

ತಟ್ಟೆಗೂ ಹಸಿವುಂಟು. ದೊಡ್ಡದು ಸುಮಾರು 75 ವಾಟು, ಚಿಕ್ಕದು ಸುಮಾರು 30 ವಾಟು ವಿದ್ಯುತ್ತನ್ನು ಬೇಡುತ್ತದೆ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1,200 ವಾಟ್-ಗಂಟೆ ಇದ್ದರೂ, ಬ್ಯಾಟರಿ ಬಾಳಬೇಕಾದರೆ ಅದರ ಅರ್ಧವನ್ನು ಮಾತ್ರ ಬಳಸುವುದು ಕ್ಷೇಮ. ಆ 600ರಲ್ಲಿ ದೊಡ್ಡ ತಟ್ಟೆ ಎಂಟು ಗಂಟೆ, ಚಿಕ್ಕದು ಇಪ್ಪತ್ತು ಗಂಟೆ ನಡೆದೀತು. ಅದೇ ಬ್ಯಾಟರಿಯಿಂದ ಫ್ಯಾನು, ದೀಪ, ಹಾಲಿನ ಫ್ರಿಜ್ಜು ಎಲ್ಲವೂ ನಡೆಯಬೇಕೆಂಬುದನ್ನು ಗೃಹಿಣಿಯರು ಮರೆಯಲಾರರು.

ಸ್ಟಾರ್‌ಲಿಂಕಿಗೆ ಭಾರತದ ದೂರಸಂಪರ್ಕ ಇಲಾಖೆಯ ಪರವಾನಗಿ ದೊರೆತುದು 2025ರ ಜೂನಿನಲ್ಲಿ. ಆದರೆ ಪರದೇಶಗಳಲ್ಲಿ ಆ ಸಂಸ್ಥೆಯು ಮನೆಯ ಮಾಳಿಗೆಗೆ ಒಂದು ದರ, ಓಡಾಡುವ ಗಾಡಿಗೆ ಬೇರೊಂದು ದರವೆಂದು ಯೋಜನೆಗಳನ್ನು ಬೇರೆಬೇರೆಯಾಗಿಯೇ ಇಟ್ಟಿದೆ. ಹಣ ಕೊಡುವ ಮುನ್ನ, ತಾನು ಕೊಳ್ಳುತ್ತಿರುವುದು ಸಂಚಾರಕ್ಕೂ ಒಪ್ಪಿಗೆಯುಳ್ಳ ಸೇವೆಯೇ ಎಂಬುದನ್ನು ಕೇಳಿ ತಿಳಿಯಬೇಕು. ಅಮೆರಿಕದ ಅಳಿಯ ತಂದುಕೊಟ್ಟ ತಟ್ಟೆಯನ್ನು ಅನುಮತಿಯಿಲ್ಲದೆ ಇಲ್ಲಿ ಬಳಸುವುದು ಅಪರಾಧವಾದೀತು.

ಯಾರಿಗೆ ಬೇಕು, ಯಾರಿಗೆ ಬೇಡ

ತಿಂಗಳಾನುಗಟ್ಟಲೆ ಗಾಡಿಯಲ್ಲಿಯೇ ಇದ್ದು, ಅಲ್ಲಿಂದಲೇ ಕಚೇರಿಯ ಕೆಲಸ ಮಾಡಿ ಸಂಬಳ ಪಡೆಯುವವನಿಗೆ, ಲಡಾಖಿನಂಥ ಬೋಳು ಬೆಟ್ಟಗಳ ನಾಡಿನಲ್ಲಿ ಅಲೆಯುವವನಿಗೆ ಈ ತಟ್ಟೆ ಅನ್ನದ ಸಾಧನವೇ ಆದೀತು. ದಸರಾ ರಜೆಗೂ ಬೇಸಿಗೆ ರಜೆಗೂ ಹತ್ತು ದಿನ ಹೊರಡುವ ಕುಟುಂಬಕ್ಕೆ ಅದು ಭಾರ. ಇಂಥವರಿಗೆ ಎರಡು ಬೇರೆ ಕಂಪನಿಗಳ ಸಿಮ್ಮು, ಗಾಡಿಯ ಮೇಲೊಂದು ಆಂಟೆನಾ, ಮುಂಚಿತವಾಗಿ ಫೋನಿನಲ್ಲಿ ಇಳಿಸಿಕೊಂಡ ನಕ್ಷೆ ಸಾಕು. ಗೋಪುರಗಳಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿಯೇ ಒಪ್ಪಿಗೆಯಿತ್ತಿದೆ. ಮೌನದ ಸ್ಥಳಗಳು ಕಡಮೆಯಾಗುತ್ತಲೇ ಹೋಗುವುವು.

ತಾಯಿಯನ್ನು ಬಿಟ್ಟು ಹೊರಟ ಮಗನಿಗೆ ಬೇಕಾದುದೂ ತಟ್ಟೆಯಲ್ಲ. ಗಾಡಿ ಕಾಡಿನ ದಾರಿಗೆ ಎಷ್ಟು ಹೊತ್ತಿಗೆ ಇಳಿಯುವುದು, ಎಷ್ಟು ಹೊತ್ತಿಗೆ ಹೊರಬರುವುದು ಎಂಬುದು ನೆರೆಮನೆಯವರಿಗೆ ತಿಳಿದಿರಬೇಕು. ವೈದ್ಯರ ಸಂಖ್ಯೆ ಅವರ ಕೈಯಲ್ಲಿರಬೇಕು. ಉಪಗ್ರಹ ಸುದ್ದಿಯನ್ನು ತಂದೀತು, ಆದರೆ ನಡುರಾತ್ರಿಯಲ್ಲಿ ಬಾಗಿಲು ತಟ್ಟಿ ಔಷಧ ಕೊಡಲಾರದು.

ಇಷ್ಟರ ಮೇಲೂ ಮನಸ್ಸು ತಟ್ಟೆಯತ್ತ ಎಳೆದರೆ, ಮೊದಲು ಎರಡು ಪ್ರವಾಸಗಳನ್ನು ಅದಿಲ್ಲದೆಯೇ ಮಾಡಿ, ಒಂದು ಪುಸ್ತಕದಲ್ಲಿ ಬರೆದಿಡಲಿ: ಮೊಬೈಲು ಎಲ್ಲಿ, ಎಷ್ಟು ಹೊತ್ತು ಮೂಕವಾಯಿತು, ಆಗ ನೆತ್ತಿಯ ಮೇಲಿದ್ದುದು ಆಕಾಶವೇ, ಮರವೇ, ಅದರಿಂದ ಆದ ನಷ್ಟವೇನು? ಆ ಎರಡು ಪುಟಗಳ ಲೆಕ್ಕ ಯಾವ ಜಾಹೀರಾತಿಗಿಂತಲೂ ನಿಜ ಹೇಳೀತು.