ಸಿನಿಮಾ ನಿಲ್ಲಿಸಿ, ಮಾತು ಶುರುಮಾಡಿ

ಹದಿಹರೆಯದವರಿಗೆ ನಂಬಿಕೆಯ ಪಾಠ ಹೇಳೋಕೆ ಸಿನಿಮಾ ತೋರಿಸುವ ಚರ್ಚುಗಳು ಎಷ್ಟೋ ಇವೆ. ಪ್ರೊಜೆಕ್ಟರ್, ಬಿಳಿ ಗೋಡೆ, ಒಂದಿಷ್ಟು ಪಾಪ್‌ಕಾರ್ನ್ ಇದ್ದರೆ ಹುಡುಗರು ಬಂದೇ ಬರ್ತಾರೆ. ಮನಸ್ಸಿಗೆ ಪಾಠ ಇಳಿಯುತ್ತಾ ಅನ್ನೋದೇ ಪ್ರಶ್ನೆ.

ವಾರವಿಡೀ ಕೋಡ್ ಬರೆಯುವ ನಾನು ಭಾನುವಾರ ಬೆಂಗಳೂರಿನ ನಮ್ಮ ಚರ್ಚಿನ ಯೂತ್ ಗ್ರೂಪ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಹೆಚ್ಚು ಮಾತು ಹುಟ್ಟಿಸಿದ್ದು 1981ರ ‘ಚಾರಿಯಟ್ಸ್ ಆಫ್ ಫೈರ್’. ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಅದರ ನಾಯಕರಲ್ಲೊಬ್ಬರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ ಭಾನುವಾರ ಬಿತ್ತು. ದೇವರ ದಿನ ಓಡಲ್ಲ ಎಂದ ಲಿಡೆಲ್, 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು.

ಇಷ್ಟಕ್ಕೇ ನಿಲ್ಲಿಸಿದರೆ ಹುಡುಗರು ಕಲಿಯುವುದು ಒಂದೇ: ದೇವರ ಮಾತು ಕೇಳಿದರೆ ಮೆಡಲ್ ಗ್ಯಾರಂಟಿ. ಇದು ಅಪಾಯದ ಪಾಠ. ಇದನ್ನು ನಂಬಿದವನು ಪರೀಕ್ಷೆಯಲ್ಲಿ ಫೇಲಾದ ದಿನ ಅವನ ಪಾಲಿಗೆ ದೇವರೂ ಫೇಲ್.

ಹಾಗಾಗಿ ಸಿನಿಮಾ ಹೇಳದ್ದನ್ನೂ ಹೇಳುತ್ತೇನೆ. ತೆರೆಯ ಮೇಲೆ ಲಿಡೆಲ್‌ಗೆ ಭಾನುವಾರದ ವಿಷಯ ತಿಳಿಯೋದು ಹಡಗು ಹತ್ತುವಾಗ. ನಿಜವಾಗಿ ತಿಂಗಳುಗಳ ಮೊದಲೇ ಗೊತ್ತಿತ್ತು, 400 ಮೀಟರ್‌ಗೆ ಬೆವರು ಸುರಿಸಿ ತಯಾರಾಗಿದ್ದರು. ಮರುವರ್ಷವೇ ಮಿಷನರಿಯಾಗಿ ಚೀನಾಕ್ಕೆ ಹೋದರು. 1945ರಲ್ಲಿ ಅಲ್ಲಿನ ಜಪಾನಿ ಬಂಧನ ಶಿಬಿರದಲ್ಲಿ ತೀರಿಕೊಂಡಾಗ ವಯಸ್ಸು 43. ಮೆಡಲ್ ದೇವರ ಬಹುಮಾನ ಅಂದರೆ, ಈ ಸಾವಿಗೆ ಏನನ್ನೋಣ?

ಒಮ್ಮೆ ಪಿಯುಸಿ ಹುಡುಗಿಯೊಬ್ಬಳು ಕೇಳಿದಳು: “ಅಣ್ಣ, ನೀಟ್ ಭಾನುವಾರ ಬರುತ್ತಲ್ಲ, ನಾನೂ ಬಿಡಬೇಕಾ?” 2024, 2025 ಎರಡೂ ವರ್ಷ ನೀಟ್ ನಡೆದದ್ದು ಭಾನುವಾರವೇ. ಲಿಡೆಲ್‌ಗೆ ಇನ್ನೊಂದು ಓಟವಿತ್ತು, ಇವಳಿಗೆ ಇನ್ನೊಂದು ಪರೀಕ್ಷೆ ಇಲ್ಲ. ಅಷ್ಟರಲ್ಲಿ ಇನ್ನೊಬ್ಬ, “ನಮ್ಮಮ್ಮ ನರ್ಸ್. ಭಾನುವಾರ ಡ್ಯೂಟಿಗೆ ಹೋಗೋದು ತಪ್ಪಾ?” ಅಂದ.

ನಾನು ತೀರ್ಪು ಕೊಡಲಿಲ್ಲ, ಬೈಬಲ್ ತೆಗೆಯಿರಿ ಅಂದೆ. ಸಬ್ಬತ್ ದಿನವೇ ಯೇಸು ಕೈಬತ್ತಿದವನನ್ನು ವಾಸಿಮಾಡಿದ್ದು ಮಾರ್ಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿದೆ. ಅವರೇ ಓದಿದರು, ಅವರೇ ವಾದ ಮಾಡಿದರು. ನರ್ಸ್ ಅಮ್ಮನ ಮಗ ಹಗುರಾಗಿ ನಕ್ಕ. ಹುಡುಗಿ ಪರೀಕ್ಷೆ ಬರೆಯೋದು ಅಂತಲೇ ನಿರ್ಧರಿಸಿದಳು. ಆದರೆ ಆರಾಧನೆ ತಪ್ಪಿಸುವ ಭಾನುವಾರದ ಕೋಚಿಂಗ್ ಟೆಸ್ಟ್ ಬೇಡ ಎಂದು ಮನೆಯಲ್ಲಿ ತಾನೇ ಹೇಳಿದಳು. ರ‍್ಯಾಂಕಿನ ಚಿಂತೆಯಲ್ಲಿದ್ದ ಅಪ್ಪನೆದುರು ಆ ಮಾತು ಸುಲಭವಾಗಿರಲಿಲ್ಲ.

ನಿಮ್ಮ ಗುಂಪಿನಲ್ಲೂ ತೋರಿಸುವ ಯೋಚನೆ ಇದ್ದರೆ, ಇಡೀ ಸಿನಿಮಾ ಬೇಡ. ಹದಿನೈದು ನಿಮಿಷದ ಒಂದು ಭಾಗ ಸಾಕು. ನಾಯಕ ತೀರ್ಮಾನ ಮಾಡುವ ಮುಂಚೆ ಪಾಸ್ ಒತ್ತಿ, “ನೀವಾಗಿದ್ದರೆ?” ಅಂತ ಕೇಳಿ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಅವರೇ ಮಾತಾಡ್ತಾರೆ.