ಸ್ಪ್ರಿಂಗ್ ತೊಟ್ಟಿಕ್ಕುವ ಸದ್ದು

ಪ್ರಶ್ನೆ: ನನ್ನ ಡಿಜಿಟಲ್ ಮಾಡೆಲಿಂಗ್ ಆಂಪ್‌ನಲ್ಲಿ ರಿವರ್ಬ್ ಎಷ್ಟು ಏರಿಸಿದರೂ ಹಳೆಯ ಸರ್ಫ್ ಗಿಟಾರಿನ ತೊಟ್ಟಿಕ್ಕುವಂಥ ಸದ್ದು ಬರುವುದಿಲ್ಲ. ಏಕೆ?
– ಓದುಗರೊಬ್ಬರು, ಶಿವಾರಪಟ್ಟಣ, ಮಾಲೂರು ತಾಲ್ಲೂಕು

ಉತ್ತರ: ರಿವರ್ಬ್ ಎಲ್ಲಿ ಕೂತಿದೆ ಎಂದು ಮೊದಲು ನೋಡಿ. 1961ರಲ್ಲಿ ಫೆಂಡರ್ ತಂದ ಸ್ಪ್ರಿಂಗ್ ರಿವರ್ಬ್ ಪೆಟ್ಟಿಗೆ ಗಿಟಾರಿಗೂ ಆಂಪ್‌ಗೂ ನಡುವೆ ಇರುತ್ತಿತ್ತು. ಕ್ಯಾಲಿಫೋರ್ನಿಯಾದ ಸರ್ಫ್ ವಾದಕರು ನೆಚ್ಚಿದ್ದು ಅದನ್ನೇ. ಆಂಪ್‌ನೊಳಗೇ ರಿವರ್ಬ್ ಇದ್ದ ವೈಬ್ರೊವರ್ಬ್ ಬಂದದ್ದು 1963ರಲ್ಲಿ. ಆದ್ದರಿಂದ ನಿಮ್ಮ ಎಫೆಕ್ಟ್‌ಗಳ ಸಾಲಿನಲ್ಲಿ ‘ಸ್ಪ್ರಿಂಗ್’ ರಿವರ್ಬನ್ನು ಆಂಪ್ ಮಾದರಿಗಿಂತ ಮುಂಚೆ ಇಡಿ. ‘ಹಾಲ್’, ‘ಪ್ಲೇಟ್’ ಬೇಡ.

ನಿಮ್ಮೂರಿನ ಶಿಲ್ಪಿಗಳ ಉಳಿಯೇಟು ನೆನೆಯಿರಿ: ಚುರುಕು, ಮೊಟಕು. ಅಂಥ ಏಟು ಸ್ಪ್ರಿಂಗ್‌ಗೆ ಬಿದ್ದಾಗ ಅದರೊಳಗಿನ ಬೇರೆ ಬೇರೆ ಕಂಪನಗಳು ಬೇರೆ ಬೇರೆ ವೇಗದಲ್ಲಿ ಓಡುತ್ತವೆ, ತುದಿಗೆ ಬಡಿದು ಹಿಂದಿರುಗುತ್ತವೆ. ಒಂದೇ ಏಟು ಎಳೆದುಕೊಂಡು ನೀರಹನಿಯಂತೆ ಕೇಳಿಸುತ್ತದೆ. ನನಗೆ ಈ ಲೋಹದ ಸುರುಳಿಯ ಕೆಲಸ ಇಂದಿಗೂ ಬೆರಗೇ.

‘ಡ್ವೆಲ್’ ಎಂದರೆ ಸ್ಪ್ರಿಂಗನ್ನು ಎಷ್ಟು ಬಲವಾಗಿ ಅಲುಗಿಸುವುದು ಎಂಬುದು. ಅದನ್ನು ಧಾರಾಳವಾಗಿ ಏರಿಸಿ. ‘ಮಿಕ್ಸ್’ ಅರ್ಧದ ಆಸುಪಾಸಿನಿಂದ ಶುರುಮಾಡಿ. ಆಂಪ್ ಮಾದರಿ ಫೆಂಡರ್ ಬಗೆಯದು, ಗೇನ್ ಕಡಿಮೆ, ಸದ್ದು ಒಡೆಯಬಾರದು.

ಉಳಿದದ್ದು ಕೈಯ ಕೆಲಸ. ಸರ್ಫ್ ಗಿಟಾರ್ ವಾದಕ ಡಿಕ್ ಡೇಲ್ ಬಹಳ ದಪ್ಪ ತಂತಿ ಕಟ್ಟಿ ಬಿರುಸಾಗಿ ಮೀಟುತ್ತಿದ್ದರು. ಬ್ರಿಡ್ಜ್ ಪಿಕಪ್ ಆರಿಸಿ, ಅಂಗೈಯ ಅಂಚನ್ನು ಬ್ರಿಡ್ಜ್ ಬಳಿ ತಂತಿಗೆ ತಾಗಿಸಿ, ಒಂದೊಂದೇ ಸ್ವರವನ್ನು ಗಟ್ಟಿಯಾಗಿ ಮೀಟಿ. ಆ ಹನಿ ಮೊದಲು ಕೇಳುವುದು ದಪ್ಪ ತಂತಿಗಳಲ್ಲೇ.